ದುರಗಪ್ಪನ ಹನ್ನೊಂದು ಸೆಕೆಂಡು

ಯಮನೂರ ಬೆಂಗಳೂರಿನ ಪೀಣ್ಯಕ್ಕೆ ಬಂದಾಗ ಅವನಿಗೆ ಹದಿನಾರು ವರ್ಷ. ಕುಷ್ಟಗಿ ಸೀಮೆಯ ಒಂದು ಸಣ್ಣ ಊರಿನಿಂದ ಚಿಕ್ಕಪ್ಪನ ಬೆನ್ನು ಹಿಡಿದು ಬಂದವನು ಮೊದಲು ಕಟ್ಟಡದ ಕೆಲಸ ಮಾಡಿದ. ಆಮೇಲೆ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಒಂದು ಪೌಡರ್ ಕೋಟಿಂಗ್ ಶೆಡ್ಡಿಗೆ ಸೇರಿದ. ಕುರ್ಚಿಯ ಕಾಲು, ಫ್ಯಾನಿನ ರೆಕ್ಕೆ, ಸೈಕಲ್ಲಿನ ಚೌಕಟ್ಟುಗಳನ್ನು ಕೊಕ್ಕೆಗೆ ನೇತುಹಾಕಿ, ಬಣ್ಣದ ಪುಡಿ ಹೊಡೆದು, ಕಾದ ಕೋಣೆಯೊಳಗೆ ತಳ್ಳುವ ಕೆಲಸ. ಸಂಜೆ ಎಷ್ಟು ತಿಕ್ಕಿ ತೊಳೆದರೂ ಅವನ ಕಿವಿಯ ಮಡಿಕೆಯಲ್ಲಿ ಆ ದಿನದ ಬಣ್ಣ ಉಳಿದಿರುತ್ತಿತ್ತು. ನಾನು ಮೊದಲ ಸಲ ನೋಡಿದಾಗ ಅದು ಹಳದಿ.

ನಾನು ಬೈರೇಶ. ನಾವು ಪೀಣ್ಯದ ಹಳೇ ಊರಿನವರು. ತಾತ ಚಿಕ್ಕಬೈರಪ್ಪನ ರಾಗಿ ಹೊಲ ಫ್ಯಾಕ್ಟರಿಗಳಿಗೆ ಹೋದಮೇಲೆ ಉಳಿದ ಚೂರು ಜಾಗದಲ್ಲಿ ಅಪ್ಪ ಬಾಡಿಗೆ ರೂಮುಗಳನ್ನು ಕಟ್ಟಿಸಿದರು, ಕೊನೆಯಲ್ಲಿ ಒಂದು ತಗಡಿನ ಶೆಡ್ಡು. ಲೇತ್ ಮೆಷಿನ್ ಇಟ್ಟುಕೊಂಡಿದ್ದವನು ಖಾಲಿ ಮಾಡಿದಮೇಲೆ ಆ ಶೆಡ್ಡಿಗೆ ಯಾರೂ ಬರಲಿಲ್ಲ. ಹಾಗಾಗಿ ನಮ್ಮ ಬ್ಯಾಂಡ್ ಅಲ್ಲಿ ಶುರುವಾಯಿತು.

ಯಮನೂರ ಡ್ರಮ್ಸ್ ಕಲಿತದ್ದು ಯಾವ ಕ್ಲಾಸಿಗೂ ಹೋಗಿ ಅಲ್ಲ. ದಾಸರಹಳ್ಳಿಯ ಒಂದು ಆರ್ಕೆಸ್ಟ್ರಾದವರ ಜೊತೆ ಭಾನುವಾರ ಸಾಮಾನು ಹೊರಲು ಹೋಗುತ್ತಿದ್ದ. ಡ್ರಮ್ಮರ್ ಊಟಕ್ಕೆ ಎದ್ದಾಗ ಕೂತು ಬಾರಿಸಿ ನೋಡುತ್ತಿದ್ದ. ಎರಡು ವರ್ಷದಲ್ಲಿ ಆ ಡ್ರಮ್ಮರ್ ಬಾರದ ದಿನ ಇವನೇ ಕೂರುವಂತಾಯಿತು. ಎರಡು ಸಾವಿರದ ಏಳರ ರಾಜ್ಯೋತ್ಸವದಲ್ಲಿ ಜಾಲಹಳ್ಳಿ ಕ್ರಾಸಿನ ಸ್ಟೇಜಿನ ಮೇಲೆ ಅವನು ಬಾರಿಸುವುದನ್ನು ಸಿದ್ಧಾರ್ಥ ನೋಡಿದ. ಮಾರನೆಯ ಭಾನುವಾರವೇ ಅವನನ್ನು ಹುಡುಕಿಕೊಂಡು ಬಂದು ನಮ್ಮ ಶೆಡ್ಡಿಗೆ ಕರೆತಂದ.

ಸಿದ್ಧಾರ್ಥ ಜಾಲಹಳ್ಳಿಯವನು. ಅವರ ತಂದೆ ಅಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಗಿಟಾರು ಅವನದು, ಹಾಡು ಅವನದು, ಬಾಸ್ ಗಿಟಾರು ನನ್ನದು, ಡ್ರಮ್ಸ್ ಯಮನೂರನದು. ಬ್ಯಾಂಡಿಗೆ ‘ಎರಡನೇ ಪಾಳಿ’ ಅಂತ ಹೆಸರಿಟ್ಟದ್ದು ಯಮನೂರ. ಅವನ ಪಾಳಿ ಮುಗಿದಮೇಲೆ ನಾವು ಸೇರುತ್ತಿದ್ದದ್ದರಿಂದ ಆ ಹೆಸರು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ತಗಡಿನ ಕೆಳಗೆ ಬೆವರು ಸುರಿಸಿಕೊಂಡು ಬಾರಿಸುತ್ತಿದ್ದ ಆ ಎರಡು ಮೂರು ವರ್ಷಗಳಲ್ಲಿ ಯಮನೂರನಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ನೋಡಿಲ್ಲ. ಶರ್ಟನ್ನು ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲಿ ಕೂತು, ಕಣ್ಣು ಮುಚ್ಚಿ ಬಾರಿಸುತ್ತಿದ್ದ.

ಒಂದು ಸಲ ಟೀ ಕುಡಿಯುತ್ತ ಅವನು ತನ್ನ ಊರಿನ ಕತೆ ಹೇಳಿದ. ಅಪ್ಪ ದುರಗಪ್ಪ ಹಲಗೆ ಬಾರಿಸುವವನು, ನಮ್ಮ ಕಡೆ ತಮಟೆ ಅನ್ನುತ್ತೇವಲ್ಲ, ಅದು. ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗೆ ಹಿಡಿದು ನಡೆಯುವುದು ಅವರ ಮನೆತನಕ್ಕೆ ಬಂದ ಕೆಲಸ. ಬರುವುದಿಲ್ಲ ಅನ್ನುವ ಹಾಗಿರಲಿಲ್ಲ. ಯಮನೂರ ಏಳನೇ ಕ್ಲಾಸಿನ ಪರೀಕ್ಷೆ ಬರೆಯುತ್ತಿದ್ದ ದಿನ ದೊಡ್ಡ ಮನೆಯೊಂದರಲ್ಲಿ ಯಾರೋ ತೀರಿಕೊಂಡರು. ಎರಡನೇ ಹಲಗೆಗೆ ಜನ ಬೇಕು ಅಂತ ಆಳೊಬ್ಬ ಶಾಲೆಗೇ ಬಂದ. ಮೇಷ್ಟರು ಇವನ ಉತ್ತರಪತ್ರಿಕೆ ಇಸಿದುಕೊಂಡು ಹೋಗು ಅಂದರು. ಕೈಯಲ್ಲಿ ಶಾಯಿ ಇದ್ದ ಹಾಗೆಯೇ ಹೋಗಿ ಬಾರಿಸಿ ಬಂದ, ಆ ವರ್ಷ ಫೇಲಾದ. ಅವತ್ತಿನಿಂದ ಹಲಗೆ ಮುಟ್ಟಿಲ್ಲ ಅಂದ. ಹೇಳಿ ಮುಗಿಸಿದಮೇಲೆ ಯಾಕಾದರೂ ಹೇಳಿದೆನೋ ಅನ್ನುವ ಹಾಗೆ ಗ್ಲಾಸಿನ ತಳ ನೋಡುತ್ತ ಕೂತ. ಸಿದ್ಧಾರ್ಥ ಅದನ್ನೆಲ್ಲ ಕೇಳಿಸಿಕೊಂಡಿದ್ದ.

ಎರಡು ಸಾವಿರದ ಒಂಬತ್ತರ ಕೊನೆಯಲ್ಲಿ ಸಿದ್ಧಾರ್ಥನ ತಂದೆ ಹೃದಯಾಘಾತದಿಂದ ತೀರಿಕೊಂಡರು. ವ್ಯಾನು ಬಂತು, ವಿದ್ಯುತ್ ಚಿತಾಗಾರದಲ್ಲಿ ಸರದಿ ಸಿಕ್ಕಿತು, ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅಳಲಿಕ್ಕೂ ಆಗಲಿಲ್ಲ ಅಂತ ಅವನು ಆಮೇಲೆ ನನಗೆ ಹೇಳಿದ. “ಸದ್ದೇ ಇರ್ಲಿಲ್ಲ ಕಣೋ. ಮನೆಯಿಂದ ಒಂದು ಫ್ರಿಜ್ ಸಾಗಿಸಿದ ಹಾಗಿತ್ತು.”

ನಾವು ಆಗ ಆಲ್ಬಮ್ ಮಾಡುವ ತಯಾರಿಯಲ್ಲಿದ್ದೆವು. ಒಂಬತ್ತು ಹಾಡುಗಳಿದ್ದವು, ಅದರಲ್ಲಿ ಎರಡು ನನ್ನವು, ಒಂದು ಯಮನೂರನದು. ತಂದೆ ಹೋದ ಎರಡು ತಿಂಗಳಿಗೆ ಸಿದ್ಧಾರ್ಥ ಅದನ್ನೆಲ್ಲ ಬದಿಗಿಟ್ಟ. ಆಲ್ಬಮ್ ಪೂರ್ತಿ ಒಂದೇ ಶವಯಾತ್ರೆ, ಮನೆಯಿಂದ ಮಸಣದವರೆಗಿನ ನಲವತ್ತು ನಿಮಿಷ ಅಂದ. ಹೆಸರನ್ನೂ ಇಟ್ಟಾಗಿತ್ತು, ‘ನಾಲ್ಕು ಹೆಗಲು’. ನನ್ನ ಹಾಡುಗಳು ಹೋದವು, ಯಮನೂರನದೂ ಹೋಯಿತು. ನಾನು ಬಾರಿಸಬೇಕಾದ ಸ್ವರಗಳನ್ನು ಅವನೇ ಬರೆದುಕೊಟ್ಟ. ತಪ್ಪಿದರೆ ನನ್ನ ಕೈಯಿಂದ ವಾದ್ಯ ಇಸಿದುಕೊಂಡು ತಾನೇ ನುಡಿಸಿ ರೆಕಾರ್ಡ್ ಮಾಡಿದ. ತಂದೆ ಕಳಕೊಂಡವನ ಜೊತೆ ಜಗಳ ಹೇಗೆ ಆಡುವುದು ಅಂತ ನಾವಿಬ್ಬರೂ ಸುಮ್ಮನಿದ್ದೆವು. ಆ ಸುಮ್ಮನಿರುವುದು ಎಲ್ಲಿಯವರೆಗೆ ಅನ್ನುವುದನ್ನು ನಾವು ಯೋಚಿಸಲಿಲ್ಲ.

ಯಮನೂರ ಆರು ಭಾಗಗಳಿಗೆ ಡ್ರಮ್ಸ್ ಬಾರಿಸಿ ಮುಗಿಸಿದ್ದ. ಅಷ್ಟಾದಮೇಲೆ ಸಿದ್ಧಾರ್ಥ ಹಲಗೆ ಬೇಕು ಅಂದ. ಯಮನೂರ ಆಗುವುದಿಲ್ಲ ಅಂದ. ಐದು ತಿಂಗಳು ಇದೇ ಮಾತು. ಕೊನೆಗೆ ಸಿದ್ಧಾರ್ಥ ಇವನನ್ನು ಕೇಳದೆ ಇವನ ಮೊಬೈಲಿನಿಂದ ಅಕ್ಕ ದೇವಕ್ಕನ ನಂಬರು ತೆಗೆದುಕೊಂಡು ಊರಿಗೇ ಫೋನು ಮಾಡಿ ದುರಗಪ್ಪನ ಹತ್ತಿರ ಮಾತಾಡಿದ. ಅಪ್ಪ ಬರುತ್ತೇನೆ ಅಂದುಬಿಟ್ಟಿದ್ದ. ಇದು ಗೊತ್ತಾದ ದಿನ ಯಮನೂರ ಸಿದ್ಧಾರ್ಥನ ಜೊತೆ ಮಾತೇ ಆಡಲಿಲ್ಲ. ನನಗೆ ಮಾತ್ರ ಹೇಳಿದ, “ಅಪ್ಪಗ ಖುಷಿ ಆಗೇತಿ ಬೈರೇಶಣ್ಣ. ಹಲಗಿ ಕೇಳಾಕಂತ ಯಾರೂ ಅವ್ನ ಇಷ್ಟ ದೂರ ಕರದಿಲ್ಲ. ಈಗ ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು.”

ದುರಗಪ್ಪ ಬಂದದ್ದು ಎರಡು ಸಾವಿರದ ಹನ್ನೊಂದರ ಏಪ್ರಿಲ್ ತಿಂಗಳಲ್ಲಿ. ತೆಳ್ಳಗೆ ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಲಗೆಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಜಾಲಹಳ್ಳಿಯ ಸಿದ್ಧಾರ್ಥನ ಮನೆಯ ಹಿಂದಿನ ಕೋಣೆಯಲ್ಲಿ ಮೈಕು ಹೂಡಿದ್ದೆವು. ಹಿತ್ತಲಲ್ಲಿ ಹಳೇ ಪೇಪರ್ ಸುಟ್ಟು, ಆ ಬೆಂಕಿಗೆ ಹಲಗೆಯ ಚರ್ಮ ಒಡ್ಡಿ, ಬೆರಳಲ್ಲಿ ತಟ್ಟಿ ತಟ್ಟಿ ಕೇಳಿ, ಹದಕ್ಕೆ ಬಂದಮೇಲೆ ಒಳಗೆ ಬಂದ. ಆದರೆ ಕೂತವನು ಕೋಲು ಎತ್ತಲಿಲ್ಲ. ಯಾವ ಪೆಟ್ಟು ಬೇಕು ಅಂತ ಕೇಳಿದ. ಸಾವಿನದು ಅಂದ ಸಿದ್ಧಾರ್ಥ.

“ಸಾವಿಲ್ಲದ ಮನ್ಯಾಗ ಆ ಪೆಟ್ಟು ಹಾಕಬಾರದ್ರೀ ಸಾಹೇಬ್ರ,” ಅಂದ ದುರಗಪ್ಪ.

ಸಿದ್ಧಾರ್ಥನ ತಾಯಿ ಗೌರಮ್ಮ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದರು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, “ಈ ಮನೇಲಿ ಸಾವಾಗಿದೆ. ಅವತ್ತು ಯಾರೂ ಬಾರಿಸ್ಲಿಲ್ಲ. ನೀವು ಬಾರಿಸಿ,” ಅಂದರು.

ದುರಗಪ್ಪ ಒಂದು ಗಂಟೆ ನಲವತ್ತು ನಿಮಿಷ ಬಾರಿಸಿದ. ಅದರಲ್ಲಿ ನಾಲ್ಕು ಬಗೆ ಇತ್ತು. ಹೆಣ ಮನೆ ಬಿಡುವಾಗಿನದು ಒಂದು, ದಾರಿಯಲ್ಲಿ ನಡೆಯುವಾಗಿನದು ಒಂದು, ನಡುವೆ ಚಟ್ಟ ಇಳಿಸಿ ಹೆಗಲು ಬದಲಿಸುವಾಗಿನದು ಮೂರನೆಯದು, ಮಣ್ಣು ಹಾಕುವಾಗಿನದು ಕೊನೆಯದು. ಪ್ರತಿಯೊಂದಕ್ಕೂ ಮೊದಲು ಎರಡು ಮಾತು ಹೇಳುತ್ತಿದ್ದ, ಇದನ್ನು ನಮ್ಮಪ್ಪ ಹೀಗೆ ಬಾರಿಸುತ್ತಿದ್ದ, ನಾನು ಇಲ್ಲಿ ಸ್ವಲ್ಪ ತಿರುಗಿಸಿದ್ದೇನೆ ಅಂತ. ಕೊನೆಯದನ್ನು ಬಾರಿಸುವಾಗ ದೊಡ್ಡ ಕೋಲು ಕೆಳಗಿಟ್ಟು ತೆಳ್ಳನೆಯ ಕಡ್ಡಿ ಮತ್ತು ಬೆರಳು ಮಾತ್ರ ಬಳಸಿದ. ಗೌರಮ್ಮ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡರು, ನೀರಿನ ಸದ್ದಿನ ಹಿಂದೆ ಅಳುವುದು ಕೇಳುತ್ತಿತ್ತು. ಸಿದ್ಧಾರ್ಥನೂ ಅತ್ತ. ಯಮನೂರ ಅಷ್ಟು ಹೊತ್ತೂ ಹಿತ್ತಲಿನ ಮೆಟ್ಟಿಲ ಮೇಲೆ, ಆರಿದ ಬೂದಿಯ ಮುಂದೆ, ನಮಗೆ ಬೆನ್ನು ಮಾಡಿ ಕೂತಿದ್ದ. ಅವನು ಕೇಳಿಸಿಕೊಂಡನೋ ಇಲ್ಲವೋ ನನಗೆ ಗೊತ್ತಿಲ್ಲ.

ಹೊರಡುವಾಗ ದುರಗಪ್ಪ ಕುಡಿದ ಲೋಟವನ್ನು ತಾನೇ ತೊಳೆಯಲು ಹಿತ್ತಲಿಗೆ ತಂದ. ಗೌರಮ್ಮ ಹಿಂದೆಯೇ ಬಂದು ಅದನ್ನು ಅವನ ಕೈಯಿಂದ ಇಸಿದುಕೊಂಡರು. ಪ್ಲೇಟು ಯಾವಾಗ ಬರುತ್ತದೆ ಅಂತ ದುರಗಪ್ಪ ಮೂರು ಸಲ ಕೇಳಿದ. ಸೀಡಿಯನ್ನು ಅವನು ಪ್ಲೇಟು ಅನ್ನುತ್ತಿದ್ದ.

ಆಮೇಲೆ ಸಿದ್ಧಾರ್ಥ ನಮ್ಮನ್ನು ಕರೆಯುವುದನ್ನು ನಿಲ್ಲಿಸಿದ. ಇದ್ದ ಕೆಲಸ ಬಿಟ್ಟು ಎಂಟು ತಿಂಗಳು ಕಂಪ್ಯೂಟರಿನ ಮುಂದೆ ಒಬ್ಬನೇ ಕೂತ. ಹೋದರೆ ಬಾಗಿಲು ತೆರೆದು, ಇನ್ನೂ ಆಗಿಲ್ಲ ಅಂದು ಕಳಿಸುತ್ತಿದ್ದ. ಮುಗಿದಮೇಲೆ ಒಂದು ಭಾನುವಾರ ನಮ್ಮ ಶೆಡ್ಡಿಗೆ ತಂದು ಕೇಳಿಸಿದ.

ನಿಜ ಹೇಳಬೇಕು, ಆಲ್ಬಮ್ ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ. ಆದರೆ ಅದರಲ್ಲಿ ಡ್ರಮ್ಸ್ ಇರಲಿಲ್ಲ. ಯಮನೂರ ಬಾರಿಸಿದ ಆರು ಭಾಗಗಳಲ್ಲಿ ಒಂದೂ ಇರಲಿಲ್ಲ. ದಾರಿಯ ಪೆಟ್ಟಿನಿಂದ ಹನ್ನೊಂದು ಸೆಕೆಂಡಿನ ತುಂಡು ಕತ್ತರಿಸಿ, ಅದನ್ನೇ ಒಂದರ ಹಿಂದೆ ಒಂದು ಅಂಟಿಸಿ, ನಲವತ್ತು ನಿಮಿಷವೂ ಅದೇ ನಡೆಯುವ ಹಾಗೆ ಮಾಡಿದ್ದ. ಕವರಿನ ಮೇಲೆ ದುರಗಪ್ಪನ ಕೈಗಳ ಫೋಟೋ. ಒಳಗೆ ಎಲ್ಲ ಕಡೆ ಸಿದ್ಧಾರ್ಥನ ಹೆಸರು, ಕೆಳಗೆ ನಮ್ಮಿಬ್ಬರಿಗೂ ಕೃತಜ್ಞತೆ, ಅದರ ಕೆಳಗೆ ‘ಹಲಗೆ: ಜಾನಪದ ಕಲಾವಿದರು’.

ಯಮನೂರ ಕೊನೆಯವರೆಗೂ ಕೇಳಿ ತನ್ನ ಡ್ರಮ್ಸ್ ಎಲ್ಲಿ ಅಂತ ಕೇಳಿದ.

“ಇದಕ್ಕೆ ಅದು ಹೊಂದ್ತಾ ಇರ್ಲಿಲ್ಲ ಮಗಾ,” ಅಂದ ಸಿದ್ಧಾರ್ಥ. “ಆದ್ರೂ ನೀನೇ ಅಲ್ವಾ ಇದು? ನಿಮ್ಮಪ್ಪ ಅಂದ್ರೆ ನೀನೇ ತಾನೆ.”

“ನಾ ನಮ್ಮಪ್ಪ ಅಲ್ಲ,” ಅಂದ ಯಮನೂರ. ಎದ್ದು ಮೊಳೆಯಿಂದ ಶರ್ಟು ತೆಗೆದುಕೊಂಡು ಹಾಕಿಕೊಂಡ. ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಹೋದ. ನಾನು ಅವನ ಹಿಂದೆ ಹೋಗಬೇಕಿತ್ತು. ಹೋಗದೆ ಸೀಡಿಯ ಕವರನ್ನು ತಿರುಗಿಸಿ ನೋಡುತ್ತ ಕೂತೆ.

ವೈಟ್‌ಫೀಲ್ಡಿನ ಒಂದು ಕಂಪನಿಯ ಕ್ಯಾಂಪಸ್ಸಿನಲ್ಲಿ ಬಿಡುಗಡೆಯ ಕಾರ್ಯಕ್ರಮ ಇತ್ತು. ಪಂಚೆ ಉಟ್ಟು, ತಲೆಗೆ ಪಟಕ ಸುತ್ತಿ, ಹಲಗೆ ಹಿಡಿದು ಮುಂದೆ ನಿಲ್ಲು ಅಂತ ಸಿದ್ಧಾರ್ಥ ಯಮನೂರನನ್ನು ಕೇಳಿದ್ದ. ಬರುವುದಿಲ್ಲ ಅನ್ನುತ್ತಾನೆ ಅಂದುಕೊಂಡಿದ್ದೆ. ಅಪ್ಪನಿಗೆ ಸುದ್ದಿ ಮುಟ್ಟಿದೆ, ಹೇಗಾಯಿತು ಅಂತ ಕೇಳುತ್ತಾನೆ ಅಂದುಕೊಂಡು ಬಂದ. ಫ್ಯಾಕ್ಟರಿಯ ನೀಲಿ ಶರ್ಟಿನಲ್ಲೇ ಬಂದ. ಸ್ಪೀಕರಿನಲ್ಲಿ ಹನ್ನೊಂದು ಸೆಕೆಂಡು ಸುತ್ತುತ್ತಿದ್ದಾಗ, ಕೈಗೆ ಕೊಟ್ಟ ಹಲಗೆಯ ಮೇಲೆ, ತಾಗದ ಹಾಗೆ, ಸುಮ್ಮನೆ ಕೋಲು ಆಡಿಸುತ್ತ ಮುಕ್ಕಾಲು ಗಂಟೆ ನಿಂತ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಅವನು ನಮ್ಮ ಜೊತೆ ಸ್ಟೇಜು ಹತ್ತಿದ ಕೊನೆಯ ದಿನ.

ಸೀಡಿ ತೆಗೆದುಕೊಂಡು ಊರಿಗೆ ಹೋಗುವಾಗ ಯಮನೂರ ನನ್ನನ್ನೂ ಕರೆದ. ಮನೆಯಲ್ಲಿ ಸೀಡಿ ಹಾಕುವುದಕ್ಕೆ ಏನೂ ಇಲ್ಲ, ನಮ್ಮ ಓಮ್ನಿಯಲ್ಲಿ ಪ್ಲೇಯರ್ ಇದೆ ಅನ್ನುವುದು ಒಂದು ಕಾರಣ. ಒಬ್ಬನೇ ಹೋಗಲು ಮನಸ್ಸಿರಲಿಲ್ಲ ಅನ್ನುವುದು ಇನ್ನೊಂದು. ದುರಗಪ್ಪ ಮುಂದಿನ ಸೀಟಿನಲ್ಲಿ ಕೂತ. ಬಾಗಿಲು ತೆರೆದಿಟ್ಟು ದೇವಕ್ಕ, ಅವಳ ಗಂಡ, ಕೇರಿಯ ಏಳೆಂಟು ಜನ ಸುತ್ತ ನಿಂತರು. ಶುರುವಾದ ಕೂಡಲೇ ದುರಗಪ್ಪನ ಮುಖ ಅರಳಿತು, ತೊಡೆಯ ಮೇಲೆ ಬೆರಳು ಆಡತೊಡಗಿತು. ಮೂರು ನಿಮಿಷ ಆಗುವಷ್ಟರಲ್ಲಿ ಬೆರಳು ನಿಂತಿತು. ಹಣೆ ಗಂಟುಹಾಕಿಕೊಂಡು ಕೇಳಿದ. ಹತ್ತು ನಿಮಿಷಕ್ಕೆ, ಸಾಕು, ಬಂದ್ ಮಾಡು ಅಂದ.

“ಇದು ನಾ ಅಲ್ಲಪಾ,” ಅಂದ ಮಗನಿಗೆ. “ನಾ ಒಂದ ಪೆಟ್ಟನ್ನ ಎರಡು ಸಲ ಹಂಗ ಹಾಕಂಗಿಲ್ಲ. ಹೆಣದ ಮುಂದ ಹೆಜ್ಜಿ ಹ್ಯಾಂಗ ಬರ್ತಾವು ಹಂಗ ಪೆಟ್ಟು ಬದಲಾಕ್ಕೈತಿ. ಇದು ಎಲ್ಲಿಗೂ ಹೋಗವಲ್ದು. ನಿಂತಲ್ಲೇ ನಿಂತೈತಿ.”

ಯಮನೂರ ತಲೆ ತಗ್ಗಿಸಿದ. ಮುದುಕ ಅವನ ಹೆಗಲ ಮೇಲೆ ಕೈಯಿಟ್ಟು, ಇರಲಿ, ಆ ಹುಡುಗನೂ ಅಪ್ಪನ್ನ ಕಳಕೊಂಡಾನ, ಅವನಿಗೆ ಏನು ಬೇಕಾಗಿತ್ತೋ ಅದನ್ನ ತಗೊಂಡಾನ ಅಂದ. ಆಮೇಲೆ ನಮಗೆ ಊಟ ಹಾಕಿಸಿದ. ರಾತ್ರಿಯ ಊಟಕ್ಕೂ ಇರಿ ಅಂದ, ಯಮನೂರನೇ ಹೊರಡಿಸಿದ.

ಮಾರನೆಯ ವರ್ಷ ಸುಗ್ಗಿಯ ಹೊತ್ತಿಗೆ ದುರಗಪ್ಪ ತೀರಿಕೊಂಡ. ಜ್ವರ ಬಂದು ನಾಲ್ಕನೆಯ ದಿನ. ಫೋನು ಬಂದ ಕೂಡಲೇ ನಾನೂ ಯಮನೂರನೂ ಹೊರಟೆವು, ಮಧ್ಯಾಹ್ನಕ್ಕೆ ಊರು ತಲುಪಿದೆವು. ಎಲ್ಲರ ಸಾವಿಗೂ ಬಾರಿಸಿದವನ ಸಾವಿಗೆ ಬಾರಿಸುವವರು ಯಾರೂ ಇರಲಿಲ್ಲ. ಅವನ ಜೊತೆಯವರಲ್ಲಿ ಕೆಲವರು ಸತ್ತಿದ್ದರು, ಉಳಿದವರು ದುಡಿಯಲು ಗೋವಾ, ಬೆಂಗಳೂರು ಸೇರಿದ್ದರು. ಬೇರೆ ಸಾವುಗಳಿಗೆ ಕುಷ್ಟಗಿಯಿಂದ ಬ್ಯಾಂಡಿನವರನ್ನು ಕರೆಸುತ್ತಿದ್ದರಂತೆ, ಅವತ್ತು ಅವರು ಮದುವೆಗೆ ಹೋಗಿದ್ದರು. ದೇವಕ್ಕನ ಗಂಡ ನನ್ನ ಹತ್ತಿರ ಬಂದು, ಆ ಪ್ಲೇಟು ಐತೇನ್ರಿ, ಗಾಡಿ ಮುಂದೆ ಬಿಟ್ಟು ಹಾಕೋಣ ಅಂದ. ಯಮನೂರ ಬೇಡ ಅಂದ.

ಒಳಗೆ ಹೋಗಿ ಅಪ್ಪನ ಹಲಗೆ ತಂದ. ಹುಲ್ಲು ಸುಟ್ಟು ಕಾಯಿಸಿದ. ಹತ್ತು ಹನ್ನೆರಡು ವರ್ಷಗಳ ಮೇಲೆ ಮೊದಲ ಸಲ, ಬಾರಿಸಲೆಂದೇ, ಅದನ್ನು ಎದೆಗೆ ಒತ್ತಿ ಹಿಡಿದು ಬಾಗಿಲ ಮುಂದೆ ನಿಂತ. ಮನೆ ಬಿಡುವ ಪೆಟ್ಟು ಅವನ ಕೈಯಲ್ಲಿತ್ತು, ಅದನ್ನು ಬಾರಿಸಿದ. ಹೆಂಗಸರ ಅಳು ಜೋರಾಯಿತು. ಚಟ್ಟ ಎತ್ತಿದರು. ಓಣಿ ದಾಟಿ ದೊಡ್ಡ ದಾರಿಗೆ ಬಂದಾಗ ಪೆಟ್ಟು ಬದಲಾಗಬೇಕಿತ್ತು. ಹುಡುಗನಾಗಿದ್ದಾಗ ಎರಡನೇ ಹಲಗೆಯಲ್ಲಿ ಬಾರಿಸಿದ್ದು ಅವನ ನೆನಪಿಗೆ ಬರಲಿಲ್ಲ. ಕೈಗೆ ಬಂದದ್ದು ಆ ಹನ್ನೊಂದು ಸೆಕೆಂಡು ಮಾತ್ರ. ಮೂರು ಸಲ ಅದನ್ನೇ ಬಾರಿಸಿದ. ಹೆಗಲು ಕೊಟ್ಟವರ ಹೆಜ್ಜೆ ಅದಕ್ಕೆ ಕೂಡಲಿಲ್ಲ. ನಿಲ್ಲಿಸಿದ. ಮುಂದಿದ್ದ ಮುದುಕನೊಬ್ಬ ತಿರುಗಿ ನೋಡಿ, ಇರಲಿ ಬಿಡು ತಮ್ಮ, ನಡಿ ಅಂದ. ಅಲ್ಲಿಂದ ಮಸಣದವರೆಗೆ ಚಪ್ಪಲಿಯಿಲ್ಲದ ಕಾಲುಗಳ ಸದ್ದಿನ ಹೊರತು ಬೇರೆ ಸದ್ದಿರಲಿಲ್ಲ. ಯಮನೂರ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನಡೆದ.

ಬೆಂಗಳೂರಿಗೆ ವಾಪಸು ಬಂದ ಮೂರನೆಯ ದಿನ ಯಮನೂರ ಬೋಳಿಸಿದ ತಲೆಯಲ್ಲೇ ಸಿದ್ಧಾರ್ಥನ ಮನೆಗೆ ಹೋದ. ನಾನೂ ಇದ್ದೆ. ಅವನಿಗೆ ಬೇಕಾದದ್ದು ಒಂದೇ, ಅವತ್ತು ಅಪ್ಪ ಬಾರಿಸಿದ ಆ ಒಂದು ಗಂಟೆ ನಲವತ್ತು ನಿಮಿಷ. ಸಿದ್ಧಾರ್ಥ ಕೂಡಲೇ ಕಂಪ್ಯೂಟರ್ ಹಾಕಿದ. ಒಂದಾದಮೇಲೊಂದು ಹುಡುಕಿದ. ಅವನ ಬೆನ್ನು ಬಗ್ಗುತ್ತ ಹೋಯಿತು. ತುಂಬ ಹೊತ್ತಾದಮೇಲೆ ನಮ್ಮ ಕಡೆ ತಿರುಗಿದ.

“ಡಿಸ್ಕ್ ತುಂಬೋಗಿತ್ತು ಯಮನೂರ. ಬೇಕಾಗಿದ್ದು ಸಿಕ್ತಲ್ಲ ಅಂತ ಮಿಕ್ಕಿದ್ದೆಲ್ಲ ಅಳಿಸ್ಬಿಟ್ಟೆ.”

ಯಮನೂರ ಬೈಯಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಸಿದ್ಧಾರ್ಥ ಆಮೇಲೆ ನನ್ನ ಮುಂದೆ ಅತ್ತ. ಯಮನೂರ ಕುರ್ಚಿಯಲ್ಲಿ ಕೂತು, ಮಾತೂ ಇತ್ತಲ್ಲ ಅದರಲ್ಲಿ, ಅಪ್ಪ ನಡುನಡುವೆ ಮಾತಾಡಿದ್ದ ಅಂದ ಅಷ್ಟೇ. ಗೌರಮ್ಮ ಬಂದು ಮಗನನ್ನೂ ಇವನನ್ನೂ ನೋಡಿದರು. ಅವರಿಗೆ ಅರ್ಥವಾಯಿತು. ಯಮನೂರನ ಬೋಳು ತಲೆಯ ಮೇಲೆ ಕೈಯಿಟ್ಟರು.

ಬ್ಯಾಂಡ್ ಅಲ್ಲಿಗೆ ಮುಗಿಯಿತು. ಸಿದ್ಧಾರ್ಥ ಎರಡನೇ ಆಲ್ಬಮ್ ಮಾಡಲಿಲ್ಲ. ಮತ್ತೆ ಕೆಲಸಕ್ಕೆ ಸೇರಿದ. ಯಮನೂರ ಅವನ ಮನೆಯ ಕಡೆಗೆ ಹೋಗಲಿಲ್ಲ, ಆದರೆ ಗೌರಮ್ಮನಿಗೆ ಯುಗಾದಿಗೆ ತಪ್ಪದೆ ಫೋನು ಮಾಡುತ್ತಾನೆ. ನಮ್ಮ ಶೆಡ್ಡಿಗೆ ಪ್ಯಾಕಿಂಗ್ ಡಬ್ಬದವರು ಬಾಡಿಗೆಗೆ ಬಂದಾಗ ಡ್ರಮ್ಸನ್ನು ಅವನು ದಾಸರಹಳ್ಳಿಯ ಆರ್ಕೆಸ್ಟ್ರಾದವರಿಗೆ ಕೊಟ್ಟುಬಿಟ್ಟ. ಪೀಣ್ಯಕ್ಕೆ ಮೆಟ್ರೋ ಬಂತು. ಅವನು ಅದೇ ಪೌಡರ್ ಕೋಟಿಂಗಿನಲ್ಲಿ ಸೂಪರ್‌ವೈಸರ್ ಆದ, ಮದುವೆಯಾದ. ಹೆಂಡತಿ ಮಹಾದೇವಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಗಂಡನಿಗೆ ಡ್ರಮ್ಸ್ ಬರುತ್ತಿತ್ತು ಅಂತ ಅವಳಿಗೆ ತಿಳಿದದ್ದು ನನ್ನಿಂದ.

ಎರಡು ಸಾವಿರದ ಹದಿನಾರರಲ್ಲಿ ಮಾದನಾಯಕನಹಳ್ಳಿಯ ಒಂದು ಗೋದಾಮಿನಲ್ಲಿ ಯಮನೂರನ ಊರಿನ ಇರಣ್ಣ ಕಾವಲಿಗೆ ಇದ್ದಾನೆ ಅಂತ ಯಾರೋ ಹೇಳಿದರು. ಇರಣ್ಣ ದುರಗಪ್ಪನ ಪಕ್ಕದಲ್ಲಿ ಇಪ್ಪತ್ತು ವರ್ಷ ಹಲಗೆ ಹಿಡಿದವನು. ಯಮನೂರ ಭಾನುವಾರ ಅಲ್ಲಿಗೆ ಹೋಗತೊಡಗಿದ. ಅಪ್ಪನ ಹಲಗೆ ಒಯ್ಯುತ್ತಿದ್ದ. ಗೇಟಿನ ಪಕ್ಕ ರಟ್ಟಿನ ಚೂರುಗಳನ್ನು ಸುಟ್ಟು ಕಾಯಿಸಿಕೊಂಡು ಕೂರುತ್ತಿದ್ದರು. ಒಂದು ಭಾನುವಾರ ನಾನೂ ಹೋಗಿದ್ದೆ. ಇರಣ್ಣನಿಗೆ ಎಪ್ಪತ್ತು ದಾಟಿತ್ತು, ನೆನಪು ತುಂಡುತುಂಡು. ದಾರಿಯ ಪೆಟ್ಟು ಕಲಿಸಲು ಆರು ತಿಂಗಳು ಹಿಡಿಯಿತು. ನಾನು ಹೋದ ದಿನ ಚಟ್ಟ ಇಳಿಸುವ ಪೆಟ್ಟು ನಡೆಯುತ್ತಿತ್ತು.

ಮಣ್ಣಿನ ಪೆಟ್ಟು ಯಾವಾಗ ಅಂತ ನಾನು ಕೇಳಿದೆ. ಇರಣ್ಣ ತಲೆಯಾಡಿಸಿದ. ಅದನ್ನು ದುರಗಪ್ಪ ಒಬ್ಬನೇ ಬಾರಿಸುತ್ತಿದ್ದ, ಆಗ ನಾವೆಲ್ಲ ಕೋಲು ಕೆಳಗಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆವು, ದೂರದಿಂದ ಕೇಳಿದ್ದಷ್ಟೇ ಅಂದ.

ಯಮನೂರನಿಗೆ ಇದು ಮೊದಲೇ ಗೊತ್ತಿತ್ತು. ಅವನು ನನ್ನ ಕಡೆ ನೋಡಲಿಲ್ಲ. ಇರಣ್ಣ ಅವನ ಎಡಗೈ ಹಿಡಿದು, ಕಡ್ಡಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಈಗ ಹಾಕು ಅಂದ. ಅಷ್ಟರಲ್ಲಿ ಗೇಟಿನ ಹೊರಗೆ ಲಾರಿ ಬಂದು ಹಾರ್ನ್ ಹೊಡೆಯಿತು. ಮುದುಕ ಮೊಣಕಾಲು ಹಿಡಿದು ಏಳಲು ಹೋದ. ನೀ ಕೂಡು ಕಾಕಾ ಅಂದು, ಹಲಗೆಯನ್ನು ಅವನ ತೊಡೆಯ ಮೇಲಿಟ್ಟು, ಯಮನೂರನೇ ಗೇಟು ತೆಗೆಯಲು ಎದ್ದುಹೋದ.